ಗೋಲ ಗುಮ್ಮಟಕ್ಕೆ ಹೋದರೆ ಮೂಲೆಯಲ್ಲಿ ನಿಂತು ನೋಡಿ

ಗೋಲ ಗುಮ್ಮಟಕ್ಕೆ ಹೋದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗೋಪುರದ ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಗೆ ಹೋಗುವುದು, ಜೋರಾಗಿ ಕೂಗುವುದು, ಎಷ್ಟು ಸಲ ಪ್ರತಿಧ್ವನಿ ಬಂತು ಎಂದು ಎಣಿಸುವುದು. ನಾನೂ ಮೊದಲ ಸಲ ಅಷ್ಟೇ ಮಾಡಿ ಬಂದಿದ್ದೆ. ಎರಡನೇ ಸಲ ಹೋದಾಗ ಕೆಳಗೆ, ಹಜಾರದ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಸುಮ್ನೆ ಮೇಲೆ ನೋಡುತ್ತ ನಿಂತೆ. ಆಗ ಒಂದು ಪ್ರಶ್ನೆ ಹಿಡಿದುಕೊಂಡಿತು. ಕೆಳಗಿನ ಕೋಣೆ ಚೌಕ. ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡು ಕೂತದ್ದು ಹೇಗೆ?

ಇಸ್ಲಾಮಿಕ್ ವಾಸ್ತುಶಿಲ್ಪ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಗುಮ್ಮಟ ಮತ್ತು ಮಿನಾರು, ಅಲ್ವಾ? ಆದರೆ ಮಸೀದಿಗೆ ಇವೆರಡೂ ಇರಲೇಬೇಕು ಅಂತೇನಿಲ್ಲ. ಮದೀನಾದಲ್ಲಿ ಪ್ರವಾದಿಯವರ ಕಾಲದ ಮಸೀದಿಗೆ ಇದ್ದದ್ದು ಮಣ್ಣಿನ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಖರ್ಜೂರದ ಗರಿಯ ಚಪ್ಪರ. ಶುದ್ಧವಾದ ಜಾಗ ಬೇಕು, ಮೆಕ್ಕಾ ಯಾವ ದಿಕ್ಕಿಗಿದೆ ಎಂದು ತಿಳಿಯಬೇಕು. ಉಳಿದದ್ದೆಲ್ಲ ಆಮೇಲೆ ಸೇರಿತು. ಈ ಧರ್ಮ ಹೋದ ಹೋದ ನಾಡಿನ ಕೆಲಸಗಾರರ ಕೈಯಿಂದ ಸೇರಿತು. ಅವರ ಜಾಣ್ಮೆ ಎಷ್ಟೆಂದು ತಿಳಿಯಬೇಕಾದರೆ ಗುಮ್ಮಟದ ಬುಡದ ಮೂಲೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರೋಮ್‌ನ ಪ್ಯಾಂಥಿಯನ್ ಗುಮ್ಮಟ 43 ಮೀಟರಿಗೂ ಜಾಸ್ತಿ ಅಗಲ. ಆದರೆ ಅಲ್ಲಿ ಕೆಳಗಿನ ಗೋಡೆಯೂ ದುಂಡಗಿದೆ. ಹಾಗಾಗಿ ಮೂಲೆಯ ತೊಂದರೆಯೇ ಇಲ್ಲ. ಜೆರುಸಲೆಮ್‌ನಲ್ಲಿ 691ರ ಹೊತ್ತಿಗೆ ಖಲೀಫ ಅಬ್ದುಲ್ ಮಲಿಕ್ ಕಟ್ಟಿಸಿದ ಬಂಡೆಯ ಗುಮ್ಮಟದಲ್ಲೂ ಅಷ್ಟೇ. ಮರದ ಗುಮ್ಮಟ, ದುಂಡಗೆ ನಿಂತ ಕಂಬಗಳ ಮೇಲೆ ಕೂತಿದೆ. ಸುತ್ತ ಎಂಟು ಮೂಲೆಯ ಗೋಡೆ.

ಚೌಕದ ಕೋಣೆಗೆ ಇರಾನಿನವರು ಇಸ್ಲಾಮಿಗಿಂತ ಮೊದಲೇ ಒಂದು ದಾರಿ ಕಂಡುಕೊಂಡಿದ್ದರು. ನಾಲ್ಕು ಮೂಲೆಗೂ ಅಡ್ಡಲಾಗಿ ಒಂದೊಂದು ಚಿಕ್ಕ ಕಮಾನು ಹಾಕುವುದು. ನಾಲ್ಕು ಬದಿ ಎಂಟಾಯಿತು. ಎಂಟರ ಮೇಲೆ ಹದಿನಾರು. ಅಲ್ಲಿಂದ ದುಂಡಿಗೆ ಹೆಚ್ಚು ದೂರವಿಲ್ಲ. ಈ ಮೂಲೆಗಮಾನಿಗೆ ಸ್ಕ್ವಿಂಚ್ ಎನ್ನುತ್ತಾರೆ. ಈಗಿನ ಉಜ್ಬೇಕಿಸ್ತಾನದ ಬುಖಾರಾದಲ್ಲಿರುವ 10ನೇ ಶತಮಾನದ ಸಮಾನಿ ಅರಸರ ಗೋರಿಯಲ್ಲಿ ಇದೇ ಇದೆ, ಪೂರ್ತಿ ಇಟ್ಟಿಗೆಯಲ್ಲಿ. ಇಸ್ಫಹಾನಿನ ಜಾಮಿ ಮಸೀದಿಯ ಉತ್ತರದ ಗುಮ್ಮಟ 1088ರದ್ದು. ಭೂಕಂಪದ ನಾಡಿನಲ್ಲಿ ಇಟ್ಟಿಗೆಯ ಗುಮ್ಮಟ ಒಂಬೈನೂರು ವರ್ಷ ದಾಟಿ ನಿಂತಿದೆ.

ಇಸ್ತಾಂಬುಲ್‌ನ ದಾರಿ ಬೇರೆ. ಅಲ್ಲಿ ಮೂಲೆಯನ್ನು ತುಂಬಿದ್ದು ಬಾಗಿದ ತ್ರಿಕೋನ. 537ರಲ್ಲಿ ಮುಗಿದ ಹಾಗಿಯಾ ಸೋಫಿಯಾ ಆಗ ಚರ್ಚು. ಅದರ ಗುಮ್ಮಟ 558ರಲ್ಲಿ ಕುಸಿಯಿತು, ಮತ್ತೆ ಕಟ್ಟಿದರು. 1453ರಲ್ಲಿ ನಗರ ಗೆದ್ದ ಆಟೊಮನ್ ತುರ್ಕರು ಅದನ್ನು ಮಸೀದಿ ಮಾಡಿಕೊಂಡರು. ನೂರು ವರ್ಷ ಅದರ ಕೆಳಗೆ ನಿಂತು ಕಲಿತರು ಅಂತಲೇ ಹೇಳಬೇಕು. ಸಿನಾನ್ ಎಂಬ ವಾಸ್ತುಶಿಲ್ಪಿ 1575ರ ಹೊತ್ತಿಗೆ ಎದಿರ್ನೆಯಲ್ಲಿ ಸೆಲಿಮಿಯೆ ಮಸೀದಿ ಮುಗಿಸಿದ. 31 ಮೀಟರ್ ಅಗಲದ ಗುಮ್ಮಟ, ಎಂಟು ದಪ್ಪ ಕಂಬಗಳ ಮೇಲೆ.

ಆಮೇಲೆ ಮುಕರ್ನಾಸ್. ನನಗೆ ತುಂಬಾ ಇಷ್ಟವಾದದ್ದು ಇದು. ಮೂಲೆಗಮಾನನ್ನು ಒಡೆದು ಚಿಕ್ಕ ಚಿಕ್ಕ ಗೂಡು ಮಾಡಿ, ಸಾಲಿನ ಮೇಲೆ ಸಾಲು ಪೇರಿಸಿದ ಹಾಗೆ. ನೋಡಿದರೆ ಜೇನುಹುಟ್ಟಿನ ನೆನಪಾಗುತ್ತದೆ. ಸ್ಪೇನಿನ ಅಲ್‌ಹಂಬ್ರಾ ಅರಮನೆಯಲ್ಲಿ ಇಬ್ಬರು ಸೋದರಿಯರ ಹಜಾರ ಎಂಬ ಕೋಣೆಯಿದೆ. 14ನೇ ಶತಮಾನದ್ದು. ಅದರ ಮೇಲ್ಛಾವಣಿಗೆ ಐದು ಸಾವಿರಕ್ಕೂ ಹೆಚ್ಚು ಗಾರೆಯ ತುಂಡುಗಳನ್ನು ಜೋಡಿಸಿದ್ದಾರೆ. ಅಚ್ಚರಿ ಏನೆಂದರೆ ತುಂಡಿನ ಆಕಾರಗಳು ಬೆರಳೆಣಿಕೆಯಷ್ಟೇ. ಅವನ್ನೇ ತಿರುಗಿಸಿ, ಸೇರಿಸಿ ಅಷ್ಟೊಂದು ಮಾಡಿದ್ದಾರೆ. ಅಲ್ಲಿ ಅದು ಭಾರ ಹೊರುವುದಿಲ್ಲ. ಭಾರ ಹೊರುವ ಮೂಲೆಯಿಂದ ಹುಟ್ಟಿದ ಆಕಾರ ಕೊನೆಗೆ ಬರೀ ಬೆಳಕು ನೆರಳಿನ ಆಟವಾಯಿತು.

ನಮ್ಮ ದೇಶಕ್ಕೆ ಬಂದರೆ, ದೆಹಲಿಯ ಕುತುಬ್ ಮಸೀದಿಯ ಮುಂದಿನ ಕಮಾನುಗಳು 1190ರ ದಶಕದವು. ಒಡೆದ ದೇವಸ್ಥಾನಗಳ ಕಂಬಗಳನ್ನು ಬಳಸಿ ಕಟ್ಟಿದ ಮಸೀದಿ ಅದು. ಆ ಇತಿಹಾಸವನ್ನು ಯಾರೂ ಮುಚ್ಚಿಡಬೇಕಿಲ್ಲ. ಆದರೆ ಆ ಕಮಾನುಗಳನ್ನು ಹತ್ತಿರದಿಂದ ನೋಡಿ. ಬೆಣೆಯ ಹಾಗೆ ಕಡಿದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದ ಕಮಾನಲ್ಲ ಅದು. ಕಲ್ಲಿನ ಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದೆ ಚಾಚಿ ಕೂಡಿಸಿದ್ದಾರೆ. ದೇವಸ್ಥಾನ ಕಟ್ಟುವವರ ಕ್ರಮ ಅದು. ಅವರಿಗೆ ಕಮಾನು ಬರುತ್ತಿರಲಿಲ್ಲ ಎಂದು ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೊಯ್ಸಳರ ಗುಡಿಗಳ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಛಾವಣಿ, ನೋಡಿದ್ದೀರಲ್ಲ? ಚೌಕದ ಮೂಲೆಗೆ ಅಡ್ಡ ಕಲ್ಲಿಟ್ಟು ಎಂಟು ಮೂಲೆ ಮಾಡಿ ಮೇಲೇರುವ ವಿದ್ಯೆ ಅವರಿಗೂ ಗೊತ್ತಿತ್ತು, ಬೇರೆ ರೀತಿಯಲ್ಲಿ. ಕುತುಬ್ ಆವರಣದಲ್ಲೇ 1311ರ ಅಲಾಯಿ ದರ್ವಾಜ ಎಂಬ ಹೆಬ್ಬಾಗಿಲು ಇದೆ. ಅಷ್ಟರಲ್ಲಿ ನಿಜವಾದ ಕಮಾನು, ಮೂಲೆಗಮಾನು, ಗುಮ್ಮಟ ಮೂರೂ ಕೈಗೆ ಹತ್ತಿದ್ದವು.

ಈಗ ವಿಜಯಪುರ. ನೆಲದ ಮೇಲೆ ಒಂದು ಚೌಕ ಬರೆಯಿರಿ. ಅಷ್ಟೇ ಅಳತೆಯ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಅದರ ಮೇಲೆ ಬರೆಯಿರಿ. ಎಂಟು ಮೊನೆಯ ನಕ್ಷತ್ರವಾಯಿತು, ನಡುವೆ ಎಂಟು ಬದಿಯ ಜಾಗ ಉಳಿಯಿತು. ಗೋಲ ಗುಮ್ಮಟದ ಎಂಟು ದೊಡ್ಡ ಕಮಾನುಗಳು ಈ ಗೆರೆಗಳ ಮೇಲೆ ಎದ್ದು ಒಂದನ್ನೊಂದು ಹಾದು ಹೋಗುತ್ತವೆ. ಹಾದಲ್ಲೆಲ್ಲ ಕಟ್ಟಡ ಒಳಕ್ಕೆ ಬಾಗುತ್ತದೆ. ಸುಮಾರು 41 ಮೀಟರ್ ಬದಿಯ ಹಜಾರ, ಅದರ ಮೇಲೆ ಸುಮಾರು 38 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಭಾರ ಕೆಳಗೆ ಮಾತ್ರ ಒತ್ತುವುದಿಲ್ಲ, ಗೋಡೆಯನ್ನು ಹೊರಗೂ ತಳ್ಳುತ್ತದೆ. ಇಲ್ಲಿ ಒಳಕ್ಕೆ ಚಾಚಿದ ಕಟ್ಟಡದ ಭಾರ ಆ ತಳ್ಳುವಿಕೆಗೆ ಎದುರಾಗಿ ನಿಲ್ಲುತ್ತದೆ. ಕೂಗಲು ನಾವು ನಿಲ್ಲುವ ಗ್ಯಾಲರಿ ಇದೆಯಲ್ಲ, ಅದು ಹೀಗೆ ಚಾಚಿದ ಭಾಗದ ಮೇಲೆಯೇ ಇರುವುದು.

ಗೋಲ ಗುಮ್ಮಟ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಷಾನ ಗೋರಿ. ಅವನು 1656ರಲ್ಲಿ ತೀರಿಕೊಂಡ. ಅಷ್ಟು ದೊಡ್ಡ ಅಳತೆಗೆ ಕೈ ಹಾಕುವ ಧೈರ್ಯ ಆ ಕೆಲಸಗಾರರಿಗೆ ಎಲ್ಲಿಂದ ಬಂತು ಅನ್ನುವವರು ಅದೇ ಊರಿನ ಜಾಮಿಯಾ ಮಸೀದಿಗೂ ಹೋಗಬೇಕು. ಜನ ಕಡಿಮೆ, ಕೂಗುವವರಿಲ್ಲ. ಅದು ಗೋಲ ಗುಮ್ಮಟಕ್ಕಿಂತ ಹಿಂದಿನದು. ನಡುವಿನ ಗುಮ್ಮಟದ ಕೆಳಗೆ ನಿಂತು ತಲೆ ಎತ್ತಿದರೆ ಒಂದನ್ನೊಂದು ಹಾದು ಹೋಗುವ ಅದೇ ಕಮಾನುಗಳು ಕಾಣುತ್ತವೆ, ಚಿಕ್ಕ ಅಳತೆಯಲ್ಲಿ. ಕೈ ಪಳಗಿದ್ದು ಅಲ್ಲೇ.