ರೊಕ್ಕ ಕೊಟ್ಟು ಇಂಕು ತರೋದು ನಾವು, ಕುಡಿಯೋದು ಪ್ರಿಂಟರ್

ನನಗೆ ಬೇಕಾಗಿದ್ದು ಹೊಲದ ಪಹಣಿಯ ಒಂದು ಹಾಳೆ. ಬರೀ ಕಪ್ಪು ಅಕ್ಷರ. ಕಪ್ಪು ಕಾರ್ಟ್ರಿಡ್ಜ್‌ನಲ್ಲಿ ಇಂಕು ಇದೆ. ಆದರೂ ಪ್ರಿಂಟರ್ ಹಳದಿ ಮುಗಿದಿದೆ ಅಂತ ಕೂತುಬಿಟ್ಟಿದೆ. ಸೆಟ್ಟಿಂಗ್‌ನಲ್ಲಿ ಕಪ್ಪು-ಬಿಳುಪು ಆರಿಸಿದರೂ ಜಗ್ಗೋದಿಲ್ಲ. ಕಲರ್ ಕಾರ್ಟ್ರಿಡ್ಜ್ ಒಂದರಲ್ಲೇ ಮೂರು ಬಣ್ಣ ತುಂಬಿರುತ್ತಾರೆ. ಒಂದು ಮುಗಿದರೆ ಉಳಿದ ಎರಡನ್ನೂ ಎಸೆಯಬೇಕು. ಇದು ಯಾವ ನ್ಯಾಯ ರೀ?

ಹಳದಿ ಖರ್ಚಾದದ್ದಾದರೂ ಎಲ್ಲಿ? ಮಕ್ಕಳ ಪ್ರಾಜೆಕ್ಟ್ ಬಿಟ್ಟರೆ ನಮ್ಮ ಮನೆಯಲ್ಲಿ ಕಲರ್ ಪ್ರಿಂಟ್ ತೆಗೆಯೋದೇ ಅಪರೂಪ. ಇಂಕು ಹೋಗೋದು ಕ್ಲೀನಿಂಗ್‌ಗೆ. ಇಂಕಿನಲ್ಲಿ ಹೆಚ್ಚಿನ ಪಾಲು ನೀರು. ಅದು ಹೊರಬರೋದು ಹೆಡ್ ಅನ್ನೋ ಭಾಗದ ತೂತುಗಳಿಂದ, ಅವು ಕೂದಲಿಗಿಂತ ಸಣ್ಣವು. ವಿಜಯಪುರದ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದ ಬಿಸಿಲು, ಒಣಗಾಳಿ, ಮೇಲೆ ಧೂಳು. ಸ್ವಲ್ಪ ದಿನ ಪ್ರಿಂಟ್ ತೆಗೆಯದಿದ್ದರೆ ತೂತಿನ ಬಾಯಲ್ಲೇ ಇಂಕು ಒಣಗಿ ಕಟ್ಟುತ್ತದೆ. ಹಾಳೆಯ ಮೇಲೆ ಬಿಳಿ ಗೆರೆ ಬೀಳುತ್ತವೆ. ಹೆಡ್ ಕ್ಲೀನಿಂಗ್ ಒತ್ತಿ ಅಂತ ಪ್ರಿಂಟರೇ ಹೇಳುತ್ತದೆ. ಒತ್ತಿದರೆ ಆ ತೂತುಗಳಿಂದ ಒಳ್ಳೆಯ ಇಂಕನ್ನೇ ಹೊರಗೆ ಎಳೆಯುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದೆಲ್ಲ ತಳದ ಸ್ಪಂಜಿನಂಥ ಪ್ಯಾಡಿಗೆ ಹೋಗುತ್ತದೆ. ಮುಂದೊಂದು ದಿನ ಆ ಪ್ಯಾಡೂ ತುಂಬಿತು, ಸರ್ವಿಸ್‌ಗೆ ಒಯ್ಯಿರಿ ಅಂತ ಪ್ರಿಂಟರ್ ನಿಲ್ಲುತ್ತದೆ. ನನ್ನ ರೊಕ್ಕದ ಇಂಕು ಹಾಳೆ ಮುಟ್ಟದೇ ಪ್ಯಾಡ್ ಸೇರಿತು. ಈಗ ಆ ಪ್ಯಾಡಿಗೂ ನಾನೇ ರೊಕ್ಕ ಕೊಡಬೇಕು!

ಡಬ್ಬಿಯ ಮೇಲೆ ಇಷ್ಟು ಪುಟ ಬರುತ್ತದೆ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಆ ಲೆಕ್ಕಕ್ಕೆ ಐಎಸ್‌ಒ 24711 ಅಂತ ಒಂದು ಮಾನದಂಡ ಇದೆ. ಅದರ ಪರೀಕ್ಷೆಯಲ್ಲಿ ಒಂದರ ಹಿಂದೆ ಒಂದು ಪುಟ ಬಿಡದೆ ತೆಗೆಯುತ್ತಾರೆ. ಮನೆಯಲ್ಲಿ ಯಾರು ಹಾಗೆ ತೆಗೆಯುತ್ತಾರೆ? ಇವತ್ತು ಒಂದು ಹಾಲ್ ಟಿಕೆಟ್, ಮುಂದಿನ ತಿಂಗಳು ಒಂದು ಆಧಾರ್ ಕಾಪಿ. ನಡುವೆ ಒಣಗೋದು, ಕ್ಲೀನಿಂಗ್‌ಗೆ ಸುರಿಯೋದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೊಸ ಪ್ರಿಂಟರ್ ಜೊತೆ ಬರುವ ಕಾರ್ಟ್ರಿಡ್ಜ್‌ನಲ್ಲಂತೂ ಎಷ್ಟೋ ಸಲ ಅರೆಬರೆ ಇಂಕು.

ರೀಫಿಲ್ ಮಾಡಿಸೋಣ ಅಂದರೆ ಚಿಪ್ಪಿನ ಕಾಟ, ಅಂದರೆ ಇಂಕಿನ ಲೆಕ್ಕ ಇಡೋಕೆ ಕಾರ್ಟ್ರಿಡ್ಜ್‌ಗೆ ಕೂರಿಸಿದ ಎಲೆಕ್ಟ್ರಾನಿಕ್ ಚಿಪ್. ಒಳಗೆ ಇಂಕು ತುಂಬಿದೆ, ಚಿಪ್ಪು ಮಾತ್ರ ಖಾಲಿ ಅನ್ನುತ್ತದೆ. ಮಾರಿದ ಮೇಲೆ ಕಾರ್ಟ್ರಿಡ್ಜ್ ಮೇಲೆ ಕಂಪನಿಯ ಪೇಟೆಂಟ್ ಹಕ್ಕು ಉಳಿಯೋದಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದರೆ ಚಿಪ್ಪಿನ ಬೀಗ ಇನ್ನೂ ಹಾಗೇ ಇದೆ. ದುಡ್ಡು ಕೊಟ್ಟು ತಂದ ವಸ್ತುವಿಗೆ ಇನ್ನೊಬ್ಬರ ಬೀಗ ಯಾಕೆ?

ಇನ್ನೂ ಸಿಟ್ಟು ಬರೋದು ಯಾವುದಕ್ಕೆ ಅಂದರೆ, ಉಪಯೋಗಕ್ಕೆ ಬರುವ ಮಾತನ್ನು ಮಾರುವಾಗ ಒಬ್ಬರೂ ಹೇಳೋದಿಲ್ಲ. ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಬೇಕು. ಆಗ ಹೆಡ್ ಪಕ್ಕಕ್ಕೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ಆಗುವಾಗ ಗೋಡೆಯ ಸ್ವಿಚ್ ಆರಿಸಿದರೆ, ಇಲ್ಲವೇ ಕರೆಂಟ್ ಹೋದರೆ, ಹೆಡ್ ಬಾಯಿ ತೆರೆದುಕೊಂಡೇ ನಿಂತು ಒಣಗುತ್ತದೆ. ನಮ್ಮಲ್ಲಿ ಕರೆಂಟ್ ಹೋಗೋದೇನು ಹೊಸದಾ? ವಾರಕ್ಕೊಂದು ಕಲರ್ ಪುಟ ತೆಗೆಯಿರಿ ಅಂತ ಹೇಳೋಕೆ ಅಂಗಡಿಯವರಿಗೆ ಎಷ್ಟು ಹೊತ್ತು ಬೇಕು?

ಕಾರ್ಟ್ರಿಡ್ಜ್‌ನಲ್ಲೇ ತೂತುಗಳಿರುವ ಮಾಡೆಲ್ ಆದರೆ ಬಿಸಾಡೋ ಮೊದಲು ಇದನ್ನು ಮಾಡಿ. ಟಿಶ್ಯೂ ಮಡಚಿ, ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ತೂತಿನ ಮುಖವನ್ನು ಅದರ ಮೇಲೆ ಒಂದೆರಡು ನಿಮಿಷ ಇಡಿ. ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಬೋರಿನ ನೀರು ಬೇಡವೇ ಬೇಡ, ಅದರ ಉಪ್ಪು ತೂತಲ್ಲೇ ಕಟ್ಟುತ್ತದೆ. ಇನ್ವರ್ಟರ್‌ಗೆ ಹಾಕೋಕೆ ತರುವ ಹೊಸ ಬಾಟಲಿ ಡಿಸ್ಟಿಲ್ಡ್ ನೀರು ಸಾಕು. ಹೆಡ್ ಪ್ರಿಂಟರ್ ಒಳಗೇ ಇರುವ ಮಾಡೆಲ್‌ಗೆ ಇದು ನಡೆಯೋದಿಲ್ಲ.

ಹಳದಿ ಖಾಲಿಯಾದರೂ ಕಪ್ಪು ಪ್ರಿಂಟ್ ಬರಬೇಕು. ಎಷ್ಟು ಎಂಎಲ್ ಇಂಕು ಇದೆ, ಕ್ಲೀನಿಂಗ್‌ಗೆ ಎಷ್ಟು ಹೋಗುತ್ತದೆ ಅಂತ ಡಬ್ಬಿಯ ಮೇಲೆ ಪುಟದ ಲೆಕ್ಕದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಲಿ. ಇಷ್ಟನ್ನೂ ಮಾಡದ ಕಂಪನಿಗೆ ಇನ್ನು ನನ್ನ ಮನೆಯಿಂದ ಒಂದು ರೂಪಾಯಿಯೂ ಹೋಗೋದಿಲ್ಲ.