ಚಾರ್ಜರ್‌ನಿಂದ ಬಿಲ್ ಏರುತ್ತಾ? ಒಂದು ಸ್ಪಷ್ಟನೆ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಮೊಬೈಲ್ ಚಾರ್ಜರ್ ಸಾಕೆಟ್‌ನಲ್ಲೇ ಬಿಟ್ಟರೆ ತಿಂಗಳಿಗೆ 30 ಯೂನಿಟ್ ಹೋಗುತ್ತೆ, ಗೃಹಜ್ಯೋತಿಯ ಉಚಿತ ವಿದ್ಯುತ್ ಕೈತಪ್ಪುತ್ತೆ ಅಂತ. ಇದು ತಪ್ಪು. ಫೋನ್ ಸಿಕ್ಕಿಸದ ಈಗಿನ ಚಾರ್ಜರ್ ಎಳೆಯುವುದು ಸಾಮಾನ್ಯವಾಗಿ ಅರ್ಧ ವ್ಯಾಟ್‌ಗಿಂತ ಕಡಿಮೆ. ಅರ್ಧ ವ್ಯಾಟ್ ಅಂತಲೇ ಹಿಡಿದರೂ ತಿಂಗಳಿಗೆ 0.36 ಯೂನಿಟ್, ಅಷ್ಟೇ.

ಹಾಗಂತ ಸ್ಟ್ಯಾಂಡ್‌ಬೈ ಖರ್ಚು ಪೂರ್ತಿ ಸುಳ್ಳೂ ಅಲ್ಲ. ರಿಮೋಟ್ ಒತ್ತಿ ಟಿವಿ ಆಫ್ ಮಾಡಿ ಮಲಗುತ್ತೇವಲ್ಲ, ಆಗಲೂ ಪಕ್ಕದ ಸೆಟ್‌ಟಾಪ್ ಬಾಕ್ಸ್ ಎಚ್ಚರವಾಗೇ ಇರುತ್ತದೆ, ಮುಟ್ಟಿ ನೋಡಿ, ಬೆಚ್ಚಗಿರುತ್ತೆ, ಅದು 10 ವ್ಯಾಟ್ ಎಳೆಯುತ್ತಿದ್ದರೆ ಹಗಲು ರಾತ್ರಿ ಸೇರಿ ತಿಂಗಳಿಗೆ 7.2 ಯೂನಿಟ್ ಆಗುತ್ತದೆ. ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ.

ಇನ್ನು ಗೃಹಜ್ಯೋತಿ. ಎಲ್ಲರಿಗೂ ಸುಮ್ನೆ 200 ಯೂನಿಟ್ ಅಲ್ಲ, ನಿಮ್ಮ ಮಿತಿ ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ನಿಂತಿದೆ, ಜೆಸ್ಕಾಂ ಬಿಲ್ ತೆಗೆದು ನೋಡಿ. ಮೇ ತಿಂಗಳಲ್ಲಿ ಬಳಕೆ ಆ ಮಿತಿ ದಾಟಿದ್ದರೆ ಬಡಪಾಯಿ ಚಾರ್ಜರ್ ಮೇಲೆ ಅನುಮಾನ ಬೇಡ. ನಮ್ಮ ಬಿಸಿಲಿಗೆ ಕೂಲರ್ ಇಲ್ಲದೆ ಆಗಲ್ಲ ಅಲ್ವಾ? 200 ವ್ಯಾಟ್ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್.