ನಾಜಿಗಳ ಕೈಗೆ ಯಹೂದಿ ರಹಸ್ಯ ಸಂಘದ ಯಂತ್ರ: ವುಲ್ಫೆನ್‌ಸ್ಟೈನ್ ಮಾಡಿದ್ದು ಸರಿಯೇ?

ಸ್ವೀಡನ್ನಿನ ಮಷೀನ್‌ಗೇಮ್ಸ್ ತಂಡದ 'ವುಲ್ಫೆನ್‌ಸ್ಟೈನ್: ದಿ ನ್ಯೂ ಆರ್ಡರ್' ಎಂಬ ವಿಡಿಯೋ ಗೇಮ್ ಬಂದಿದ್ದು 2014ರಲ್ಲಿ. ಅದರಲ್ಲಿ ಎರಡನೇ ಮಹಾಯುದ್ಧ ಗೆಲ್ಲುವುದು ನಾಜಿಗಳು. 1946ರಲ್ಲಿ ತಲೆಗೆ ಪೆಟ್ಟು ಬಿದ್ದು ಪೋಲೆಂಡಿನ ಆಸ್ಪತ್ರೆ ಸೇರಿದ ಅಮೆರಿಕದ ಸೈನಿಕ ಬ್ಲಾಸ್ಕೋವಿಟ್ಸ್ 1960ರಲ್ಲಿ ಎಚ್ಚರವಾಗಿ ನೋಡಿದರೆ ಲಂಡನ್ ಅವರ ಕೈಯಲ್ಲಿದೆ, ಚಂದ್ರನ ಮೇಲೂ ಅವರದ್ದೇ ಠಾಣೆ. ಇಷ್ಟೆಲ್ಲ ಹೇಗಾಯಿತು? ಆಟ ಕೊಡುವ ಉತ್ತರ ಹೀಗಿದೆ: 'ದಾಅತ್ ಯಿಖುದ್' ಅನ್ನೋ ಯಹೂದಿಗಳ ರಹಸ್ಯ ಸಂಘವೊಂದಿತ್ತು. ಅವರು ಬಚ್ಚಿಟ್ಟಿದ್ದ ಯಂತ್ರಗಳು ನಾಜಿಗಳ ಕೈಗೆ ಸಿಕ್ಕವು. (ಆಟ ಆಡಿಲ್ಲದವರು ಇಲ್ಲೇ ನಿಲ್ಲಿ, ಮುಂದೆ ಕಥೆ ಬಯಲಾಗುತ್ತದೆ.) ಸಂಘವೂ ಕಟ್ಟುಕಥೆ, ಯಂತ್ರಗಳೂ ಕಟ್ಟುಕಥೆ. ಆದರೆ ಹೀಗೆ ಕಥೆ ಕಟ್ಟಿದ್ದು ಸರಿಯಾ?

ಪರ: ಕದ್ದವನನ್ನು ಕಳ್ಳ ಅಂತ ಕರೆದ ಆಟ

ನಾಜಿಗಳನ್ನು ಶತ್ರು ಮಾಡಿಕೊಂಡ ಆಟಗಳಿಗೆಲ್ಲ ಒಂದು ತಲೆನೋವು ಇದ್ದದ್ದೇ. ಶತ್ರು ಗಟ್ಟಿಗನಾಗಿರಬೇಕು, ಇಲ್ಲದಿದ್ದರೆ ಆಡೋದರಲ್ಲಿ ಮಜಾ ಇಲ್ಲ. ಜಾಸ್ತಿ ಗಟ್ಟಿಗ ಮಾಡಿದರೆ 'ಏನು ತಲೆ ಮಾರಾಯ ಇವರದ್ದು' ಅಂತ ಆಡುವವನೇ ಬೆರಗಾಗುತ್ತಾನೆ. 1992ರ ವುಲ್ಫೆನ್‌ಸ್ಟೈನ್ 3ಡಿಯಲ್ಲಿ ಹಿಟ್ಲರ್ ಲೋಹದ ಕವಚ ತೊಟ್ಟು ಗುಂಡು ಹಾರಿಸುತ್ತಾ ಬರುತ್ತಿದ್ದ. 2001ರ ಆಟದಲ್ಲಿ ಎಂದೋ ಸತ್ತ ರಾಜನನ್ನು ಮಾಟ ಮಾಡಿ ಎಬ್ಬಿಸಿದರು. ಅವರಿಗೆ ಇದೆಲ್ಲ ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ನಾವೂ ಸುಮ್ನೆ ಗುಂಡು ಹಾರಿಸಿದೆವು.

2014ರ ಆಟ ಕೇಳಿತು. ಈ ಯಂತ್ರಗಳು ನಿಮ್ಮವಲ್ಲ, ಯಾರನ್ನು ಮನುಷ್ಯರೇ ಅಲ್ಲ ಅಂದಿರೋ ಅವರಿಂದ ಕದ್ದದ್ದು ಅಂತ ನಾಜಿಗಳ ಮುಖಕ್ಕೇ ಹೇಳಿತು. ಇದು ಇತಿಹಾಸಕ್ಕೆ ದೂರದ ಮಾತಲ್ಲ. 1933ರ ಏಪ್ರಿಲ್ 7ರಂದು ಬಂದ ಕಾನೂನು ಯಹೂದಿಗಳನ್ನು ಸರ್ಕಾರಿ ಕೆಲಸದಿಂದ, ವಿಶ್ವವಿದ್ಯಾಲಯಗಳಿಂದ ಹೊರಗೆ ಹಾಕಿತು. ಜರ್ಮನಿಯ ಗಾಟಿಂಗೆನ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮ್ಯಾಕ್ಸ್ ಬಾರ್ನ್ ಕೂಡ ಹಾಗೆ ಬೀದಿಗೆ ಬಿದ್ದವರೇ. ಆಗ ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ). ಇಲ್ಲೇ ಉಳಿಸಿಕೊಳ್ಳಬೇಕು ಅಂತ ರಾಮನ್ ಪಟ್ಟು ಹಿಡಿದರೂ ಆಗಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅತ್ತ ಜರ್ಮನಿಯಲ್ಲಿ ಲೆನಾರ್ಡ್, ಸ್ಟಾರ್ಕ್ ಎಂಬ ಇಬ್ಬರು ನೊಬೆಲ್ ವಿಜ್ಞಾನಿಗಳು ಐನ್‌ಸ್ಟೈನ್‌ರ ಸಾಪೇಕ್ಷತೆಯನ್ನು 'ಯಹೂದಿ ಭೌತಶಾಸ್ತ್ರ' ಅಂತ ಹೀಗಳೆಯುತ್ತಾ ಕೂತಿದ್ದರು. ಬುದ್ಧಿವಂತರನ್ನು ಓಡಿಸಿ ತಾವೇ ಮೇಲು ಅಂತ ಬೀಗುತ್ತಿದ್ದವರು ಅವರು. ಆಟ ಆ ಸೊಕ್ಕನ್ನು ಹಿಡಿದು ಹೊಡೆಯುತ್ತದೆ.

ಸೆಟ್ ರೋತ್‌ನನ್ನು ನೋಡಿ. ಆ ಸಂಘದ ಮುದುಕ, ಕ್ರೊಯೇಷಿಯಾದ ಬೆಲಿಕಾ ಎಂಬ ನಾಜಿ ಬಂಧನ ಶಿಬಿರದಲ್ಲಿ ಕೈದಿ. ನಾಜಿಗಳು ಊರೂರಲ್ಲಿ ಕಟ್ಟುವ ದೈತ್ಯ ಕಟ್ಟಡಗಳಿಗೆ ವಿಶೇಷ ಕಾಂಕ್ರೀಟ್ ಅಲ್ಲೇ ತಯಾರಾಗುತ್ತದೆ. ಆ ಕಾಂಕ್ರೀಟಿನ ಪಾಕವನ್ನು ಅವನು ಬೇಕಂತಲೇ ಕೆಡಿಸಿದ್ದಾನೆ. ಹೊರಗಿಂದ ನೋಡಿದರೆ ಕಲ್ಲಿನಂಥ ಗೋಡೆ, ಒಳಗೆ ಬೂಷ್ಟು ಹಿಡಿದು ಬಿರುಕು ಬಿಡುತ್ತಿದೆ! ನಾಜಿ ಸಾಮ್ರಾಜ್ಯದ ಗೋಡೆಗೆ ಬೂಷ್ಟು ಹಿಡಿಸಿದವನು ಅವರದೇ ಕೈದಿ. ಎಷ್ಟೋ ಯುದ್ಧದ ಆಟಗಳಲ್ಲಿ ಶಿಬಿರದ ಸುದ್ದಿಯೇ ಬರುವುದಿಲ್ಲ. ಬಂದರೂ ಯಹೂದಿ ಅಂದರೆ ಅಳುವ ಮುಖ, ಕಾಪಾಡಬೇಕಾದ ಜೀವ, ಅಷ್ಟೇ. ಇಲ್ಲಿ ಅವನಿಗೆ ತಲೆ ಇದೆ, ಹಟ ಇದೆ, ತಮಾಷೆಯೂ ಇದೆ. ನಾಯಕನೇ ಅವನನ್ನು ಹುಡುಕಿಕೊಂಡು, ಕೈ ಮೇಲೆ ನಂಬರ್ ಚುಚ್ಚಿಸಿಕೊಂಡು, ಶಿಬಿರದ ಒಳಗೆ ಹೋಗಬೇಕು.

ರಹಸ್ಯ ಸಂಘ ಅಂದ ಕೂಡಲೇ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಈ ಸಂಘ ಯಾವ ಸಿಂಹಾಸನಕ್ಕೂ ಆಸೆ ಪಟ್ಟಿಲ್ಲ. ದೇವರಿಗೆ ಹತ್ತಿರವಾಗೋದಕ್ಕೆ ಅಂತ ಯಂತ್ರ ಮಾಡಿದರು, ಮಾಡಿ ಬೀಗ ಹಾಕಿಟ್ಟರು. ಜಗತ್ತನ್ನು ಆಳುವ ಹುಚ್ಚು ಕದ್ದವರಿಗೆ, ಮಾಡಿದವರಿಗಲ್ಲ.

ಇನ್ನು ಸೂಕ್ಷ್ಮ ವಿಷಯ, ಮುಟ್ಟದೇ ಇದ್ದರೆ ಒಳ್ಳೆಯದು ಅನ್ನುವವರಿಗೆ ಜರ್ಮನಿಯ ಕಥೆ ಹೇಳಬೇಕು. ನಾಜಿ ಚಿಹ್ನೆ ತೋರಿಸಬಾರದು ಅನ್ನೋ ಅಲ್ಲಿನ ಕಾನೂನಿಗೆ ಹೆದರಿ ಆಟದಿಂದ ಸ್ವಸ್ತಿಕ ತೆಗೆದರು, ನಾಜಿ ಎಂಬ ಹೆಸರನ್ನೇ ತೆಗೆದು 'ರೆಜೀಮ್' ಅಂತ ಮಾಡಿದರು. 2017ರ ಮುಂದಿನ ಭಾಗದಲ್ಲಂತೂ ಹಿಟ್ಲರನ ಮೀಸೆಯನ್ನೇ ಬೋಳಿಸಿಬಿಟ್ಟರು! ಮೀಸೆ ಇಲ್ಲದ ಹಿಟ್ಲರ್‌ನಿಂದ ಯಾರಿಗೆ ಏನು ಗೊತ್ತಾಗಬೇಕು? 2018ರ ಆಗಸ್ಟ್‌ನಲ್ಲಿ ಆಟಗಳಿಗೆ ವಯಸ್ಸಿನ ಮಿತಿ ಹಾಕುವ ಅಲ್ಲಿನ ಸಂಸ್ಥೆ ಪಟ್ಟು ಸಡಿಲಿಸಿ, ಒಂದೊಂದೇ ಆಟ ನೋಡಿ ಒಪ್ಪಿಗೆ ಕೊಡುತ್ತೇವೆ ಅಂದಿತು. ಸರಿಯಾದ ದಾರಿ ಅದೇ. ಈ ಆಟವನ್ನೂ ಹಾಗೇ ನೋಡಿ. ಇದು ಯಾರ ಪರ ನಿಂತಿದೆ ಅನ್ನೋದರಲ್ಲಿ ಗೊಂದಲವೇ ಇಲ್ಲ.

ವಿರೋಧ: ಆ ಸಂಘ ಯಾಕೆ ಬೇಕಿತ್ತು?

ಆಟದವರ ಮನಸ್ಸು ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಸೆಟ್ ರೋತ್ ನನಗೂ ಇಷ್ಟ. ತಕರಾರು ಇರುವುದು ಅವನ ಹಿಂದೆ ನಿಲ್ಲಿಸಿದ ಸಂಘದ ಬಗ್ಗೆ.

1903ರಲ್ಲಿ ರಷ್ಯಾದ 'ಜ್ನಾಮ್ಯ' ಎಂಬ ಪತ್ರಿಕೆಯಲ್ಲಿ 'ಜಿಯಾನ್ ಹಿರಿಯರ ಪ್ರೋಟೋಕಾಲ್‌ಗಳು' ಎಂಬ ಬರಹ ಬಂತು. ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಸಂಚು ಮಾಡಿದ್ದಾರೆ ಅನ್ನೋದು ಅದರ ಸಾರ. ಪೂರ್ತಿ ಸುಳ್ಳು. 1864ರಲ್ಲಿ ಮೂರನೇ ನೆಪೋಲಿಯನ್‌ನನ್ನು ಲೇವಡಿ ಮಾಡಿ ಬರೆದ ಒಂದು ಫ್ರೆಂಚ್ ಪುಸ್ತಕದಿಂದ ಪುಟಗಟ್ಟಲೆ ಎತ್ತಿದ್ದು. ಆ ಪುಸ್ತಕದಲ್ಲಿ ಯಹೂದಿಗಳ ಮಾತೇ ಇರಲಿಲ್ಲ. 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಎರಡನ್ನೂ ಪಕ್ಕಪಕ್ಕ ಇಟ್ಟು ಕಳ್ಳತನ ತೋರಿಸಿತು. ಅಷ್ಟಾದರೂ ಸುಳ್ಳು ಸಾಯಲಿಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಅದನ್ನು ಹಬ್ಬಿಸಿದ, ಹಿಟ್ಲರ್ ತನ್ನ ಪುಸ್ತಕದಲ್ಲಿ ಅದನ್ನೇ ಸಾಕ್ಷಿ ಮಾಡಿಕೊಂಡ.

ಈಗ ಆಟಕ್ಕೆ ಬನ್ನಿ. ಯಹೂದಿಗಳಿಗೊಂದು ರಹಸ್ಯ ಸಂಘ ಇತ್ತು. ಶತಮಾನಗಳಿಂದ ಇತ್ತು. ಜಗತ್ತನ್ನೇ ಮಗುಚಿ ಹಾಕುವ ಶಕ್ತಿ ಅದರ ಹತ್ತಿರ ಇತ್ತು, ಯಾರಿಗೂ ಹೇಳಿರಲಿಲ್ಲ. ಅಂದರೆ ನಾಜಿಗಳು ಹೇಳುತ್ತಿದ್ದ ಸುಳ್ಳಿನ ಅರ್ಧ ಭಾಗ ಈ ಆಟದೊಳಗೆ ನಿಜವಾಗಿಬಿಟ್ಟಿತು, ಅಲ್ವಾ? ಅವರು ಒಳ್ಳೆಯವರು, ಆಳುವ ಆಸೆ ಇರಲಿಲ್ಲ ಅಂದರೆ ಸಾಲದು. ಸುಳ್ಳಿನ ಬೇರು 'ಗುಟ್ಟಾಗಿ ಏನೋ ಇದೆ' ಅನ್ನೋದರಲ್ಲಿದೆ. ಆ ಬೇರಿಗೆ ಆಟ ನೀರು ಹಾಕಿದೆ.

ಬಾರ್ನ್ ಅವರನ್ನು ಪರವಾದಿ ಎಳೆದು ತಂದಿದ್ದು ನನಗೇ ಅನುಕೂಲವಾಯಿತು. ಬಾರ್ನ್ ಯಾವ ಗುಟ್ಟು ಕಾಪಾಡಿದರು? ಅವರ ಲೇಖನಗಳು ಅಚ್ಚಾಗಿ ಲೈಬ್ರರಿಯಲ್ಲಿ ಸಿಗುತ್ತಿದ್ದವು. ಗಾಟಿಂಗೆನ್‌ನಲ್ಲಿ ಅವರ ಹತ್ತಿರ ಕೆಲಸ ಮಾಡಿದವರಲ್ಲಿ ಹೈಸೆನ್‌ಬರ್ಗ್ ಕೂಡ ಒಬ್ಬರು, ಮುಂದೆ ನಾಜಿಗಳ ಅಣುಶಕ್ತಿ ಯೋಜನೆಯಲ್ಲಿ ದುಡಿದವರು. ಯಹೂದಿ ವಿಜ್ಞಾನಿಗಳ ದೊಡ್ಡತನ ಇದ್ದದ್ದೇ ಎಲ್ಲರಿಗೂ ಕಲಿಸಿದ್ದರಲ್ಲಿ. ನಾಜಿಗಳು ಕಳೆದುಕೊಂಡಿದ್ದೂ ಅದನ್ನೇ. ಅದನ್ನು ಈ ಆಟದ ಹಾಗೆ ಸಮುದ್ರದ ತಳದಲ್ಲಿ ಬೀಗ ಹಾಕಿಟ್ಟ ಕೋಣೆ ಅಂತ ತೋರಿಸಿದರೆ ವಿಷಯ ತಿರುಗಾಮುರುಗಾ ಆಗುತ್ತದೆ.

ಎರಡನೇ ಮಾತು ಯಂತ್ರಗಳದ್ದು. ಲೋಹದ ನಾಯಿ, ದೈತ್ಯ ರೋಬೋ ನೋಡೋದಕ್ಕೆ ಚೆನ್ನಾಗಿವೆ. ಆದರೆ 1941ರಲ್ಲಿ ರಷ್ಯಾದ ಮೇಲೆ ದಾಳಿ ಮಾಡಿದಾಗ ಜರ್ಮನ್ ಸೇನೆಯ ಜೊತೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಫಿರಂಗಿ ಎಳೆಯುತ್ತಿದ್ದದ್ದು ಹೆಚ್ಚಾಗಿ ಕುದುರೆ. ನಾಜಿ ಅಂದರೆ ಮುಂದುವರಿದ ತಂತ್ರಜ್ಞಾನ ಅನ್ನೋ ಹವಾ ಹುಟ್ಟಿಸಿದ್ದು ಅವರದೇ ಪ್ರಚಾರ ಖಾತೆ. ಕದ್ದದ್ದು ಅಂದರೂ ಆಡುವವನ ಕಣ್ಣಿಗೆ ಬೀಳುವುದು ಅದೇ ಹವಾ.

ಅವರ ನಿಜವಾದ ಮುಂದುವರಿದ ಅಸ್ತ್ರ ಅಂದರೆ ವಿ-2 ರಾಕೆಟ್. 1944ರ ಸೆಪ್ಟೆಂಬರ್ 8ರಂದು ಮೊದಲ ಬಾರಿ ಲಂಡನ್ ಮೇಲೆ ಬಿತ್ತು. ಅದನ್ನು ಜೋಡಿಸುತ್ತಿದ್ದದ್ದು ನೋರ್ಡ್‌ಹೌಸೆನ್ ಹತ್ತಿರ ಗುಡ್ಡ ಕೊರೆದ ಸುರಂಗಗಳಲ್ಲಿ. ಮಿಟೆಲ್‌ಬೌ-ಡೋರಾ ಶಿಬಿರದ ಕೈದಿಗಳು ಮೊದಲ ತಿಂಗಳುಗಳಲ್ಲಿ ಮಲಗುತ್ತಿದ್ದದ್ದೂ ಸುರಂಗದಲ್ಲೇ, ಬೆಳಕು ಕಾಣದೆ. ಸುಮಾರು 60 ಸಾವಿರ ಜನ ಅಲ್ಲಿಗೆ ಬಂದರು, ಸುಮಾರು 20 ಸಾವಿರ ಜನ ಸತ್ತರು. ರಾಕೆಟ್ ಬಿದ್ದು ಸತ್ತವರಿಗಿಂತ ಅದನ್ನು ಮಾಡುತ್ತಾ ಸತ್ತವರೇ ಜಾಸ್ತಿ. ಬೇಕಂತಲೇ ಕೆಲಸ ಕೆಡಿಸಿದರು ಅಂತ ಅನುಮಾನ ಬಂದರೆ ಸುರಂಗದ ಕ್ರೇನಿಗೇ ನೇಣು ಹಾಕಿ, ಉಳಿದವರು ನೋಡಲಿ ಅಂತ ಬಿಡುತ್ತಿದ್ದರು. ಸೆಟ್ ರೋತ್‌ನಂಥವನು ನಿಜವಾಗಿ ಇದ್ದದ್ದು ಅಲ್ಲಿ. ಅವನಿಗೆ ಯಾವ ಸಂಘವೂ ಇರಲಿಲ್ಲ. ಬಹಳ ಸಲ ಅವನು ಯಹೂದಿಯೂ ಅಲ್ಲ, ರಷ್ಯಾದವನೋ ಪೋಲೆಂಡಿನವನೋ ಫ್ರಾನ್ಸಿನವನೋ ಆಗಿದ್ದ. ಸಡಿಲ ಬಿಟ್ಟ ಒಂದು ಸ್ಕ್ರೂ, ಸರಿಯಾಗಿ ಹಾಕದ ಒಂದು ಬೆಸುಗೆ, ಅಷ್ಟೇ ಅವನ ಕೈಲಿದ್ದದ್ದು. ಬೂಷ್ಟು ಹಿಡಿದ ಕಾಂಕ್ರೀಟಿನ ಕಥೆ ಇಲ್ಲಿಗೆ ಎಷ್ಟು ಹತ್ತಿರ! ಸಂಘವನ್ನು ಕಿತ್ತು ಹಾಕಿ ಆ ಕಥೆ ಹೇಳಿದ್ದರೂ ನಿಲ್ಲುತ್ತಿತ್ತು.

ನಾಜಿಗಳ ಕಡೆಯ ರಹಸ್ಯವೂ ಅಷ್ಟೇ. 1918ರಲ್ಲಿ ಮ್ಯೂನಿಕ್‌ನಲ್ಲಿ ಥೂಲೆ ಸೊಸೈಟಿ ಅಂತ ಆರ್ಯ ಜನಾಂಗದ ಗೀಳಿನ ಗುಪ್ತ ಸಂಘ ಒಂದಿತ್ತು, ನಿಜ. ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್‌ಗೆ ಪುರಾತನ ಆರ್ಯರ ಹುಚ್ಚಿತ್ತು, 1938ರಲ್ಲಿ ಅವನ ಆಶ್ರಯದಲ್ಲಿ ಟಿಬೆಟ್‌ಗೂ ಒಂದು ತಂಡ ಹೋಯಿತು. ಆಟಗಳು ಇದನ್ನೇ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತವೆ. ಆದರೆ 1932ರ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಶೇ. 37 ಮತಗಳು ಯಾವ ಮಾಟದಿಂದಲೂ ಬರಲಿಲ್ಲ. ಬಾರ್ನ್ ಕೆಲಸ ಕಿತ್ತ ಕಾನೂನು ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗಿತ್ತು, ಕಾಸು ಕೊಟ್ಟರೆ ಯಾರಿಗಾದರೂ ಸಿಗುತ್ತಿತ್ತು.

ಈ ಸರಣಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ. 2017ರ ಭಾಗದಲ್ಲಿ ನಾಜಿಗಳು ಆಳುವ ಅಮೆರಿಕದ ರೋಸ್‌ವೆಲ್ ಊರಿನ ಬೀದಿ ಬರುತ್ತದೆ. ಹಾಡು ಹಗಲು, ಹಬ್ಬದ ಮೆರವಣಿಗೆ. ಬಿಳಿ ಮುಸುಕಿನ ಕೂ ಕ್ಲಕ್ಸ್ ಕ್ಲಾನ್‌ನವರು (ಬಿಳಿಯರೇ ಮೇಲು ಅನ್ನೋ ಅಮೆರಿಕದ ಗುಂಪು) ನಾಜಿ ಸೈನಿಕನ ಹತ್ತಿರ ಹರಕು ಮುರುಕು ಜರ್ಮನ್ ಮಾತಾಡುತ್ತಾರೆ, ಅವನು ಮೇಷ್ಟ್ರ ಹಾಗೆ ತಿದ್ದುತ್ತಾನೆ. ಅಂಗಡಿಗಳು ತೆರೆದಿವೆ, ಜನ ಅವರ ಪಾಡಿಗೆ ಓಡಾಡುತ್ತಿದ್ದಾರೆ. ಇಡೀ ಸರಣಿಯಲ್ಲಿ ನನಗೆ ಮೈ ಜುಂ ಅಂದ ಜಾಗ ಅದೊಂದೇ. ಅಲ್ಲಿ ಯಾವ ರಹಸ್ಯ ಸಂಘವೂ ಇಲ್ಲ, ರೋಬೋ ಕೂಡ ಬೇಕಾಗಿರಲಿಲ್ಲ.